ಕಿವಿಗೂ ದಕ್ಕಬೇಕಾದ ಕಡತ

ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಸುತ್ತೋಲೆ ಕಣ್ಣಿಗೆ ಕನ್ನಡವೇ. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಂಧರು ಬಳಸುವ ಎನ್‌ವಿಡಿಎ ತಂತ್ರಾಂಶ ಆ ಗೊಂದಲವನ್ನೇ ಓದಿ ಹೇಳುತ್ತದೆ. ಯೂನಿಕೋಡ್‌ನಲ್ಲಿ ಬರೆದಿದ್ದರೆ ಅದೇ ಉಚಿತ ತಂತ್ರಾಂಶ ಕನ್ನಡವನ್ನು ಕನ್ನಡವಾಗಿಯೇ ಓದುತ್ತಿತ್ತು. ಸಹಿ ಹಾಕಿ ಸ್ಕ್ಯಾನ್ ಮಾಡಿದ ಪುಟವಂತೂ ಬರೀ ಚಿತ್ರ; ಅದರಲ್ಲಿ ತಂತ್ರಾಂಶಕ್ಕೆ ಅಕ್ಷರವೇ ಸಿಗದು.

ತಮಿಳುನಾಡಿನ ಬತ್ತಲಗುಂಡು, ತೇನಿ, ಕಂಬಂ ಕಣಿವೆಯ ಕನ್ನಡ ಮನೆಗಳನ್ನೂ ಇಲ್ಲಿ ನೆನೆಯಬೇಕು. ಅಲ್ಲಿ ಮನೆಮಾತು ಕನ್ನಡ, ಶಾಲೆಯಲ್ಲಿ ಕಲಿತ ಲಿಪಿ ತಮಿಳು. ನಮ್ಮ ಲಿಪಿ ಬಾರದ ಅವರಿಗೆ, ಕಣ್ಣು ಚೆನ್ನಾಗಿದ್ದರೂ, ಗಟ್ಟಿಯಾಗಿ ಓದಿಸಬಹುದಾದ ಕಡತವೇ ಕನ್ನಡ ಬರಹಕ್ಕೆ ದಾರಿ.

ಬೇಕಾದ ಕೆಲಸ ದೊಡ್ಡದಲ್ಲ. ಶೀರ್ಷಿಕೆಯನ್ನು ಬರೀ ದಪ್ಪಕ್ಷರ ಮಾಡದೆ ‘ಹೆಡಿಂಗ್’ ಶೈಲಿ ಕೊಡಬೇಕು; ಆಗ ಅಂಧ ಓದುಗರು ಬೇಕಾದ ಭಾಗಕ್ಕೆ ನೇರ ಹೋಗಬಲ್ಲರು. ಚಿತ್ರಕ್ಕೆ ಒಂದು ಸಾಲಿನ ವಿವರಣೆ ಇರಲಿ. ಕಡತದ ಭಾಷೆ ಕನ್ನಡವೆಂದು ಗುರುತಿಸಲಿ.

ಇದು ದಯೆಯ ಮಾತಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರವೇಶಸಾಧ್ಯತೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದಿತು. ಕರ್ನಾಟಕದ ಪ್ರತಿ ಇಲಾಖೆಯೂ ಬೆರಳಚ್ಚುಗಾರರ ತರಬೇತಿಯಲ್ಲಿ ಈ ಕ್ರಮಗಳನ್ನು ಸೇರಿಸಲಿ. ಓದಿಸಿ ನೋಡದ ಸುತ್ತೋಲೆ ಕಚೇರಿಯಿಂದ ಹೊರಬೀಳದಿರಲಿ.