ಹಂಪಿಯನ್ನು ಸೈಕಲ್ಲಿನ ಮೇಲೆ ನೋಡಬೇಕು

ನಮ್ಮ ಇರಕಲ್ಲಗಡದ ಕಡೆಯವರ ಮುಂದೆ ಹಂಪಿಯ ಮಾತೆತ್ತಿದರೆ "ಅದೇನು ಬಿಡ್ರಿ ಸರ್, ಎಷ್ಟು ಸಲ ನೋಡೇವಿ" ಎಂಬ ಉತ್ತರ ತುದಿನಾಲಿಗೆಯಲ್ಲಿಯೇ ಇರುತ್ತದೆ. ನೋಡಿರುವುದೂ ನಿಜವೇ. ಶಾಲೆಯ ಪ್ರವಾಸದಲ್ಲಿ ಒಮ್ಮೆ, ಬೀಗರ ಊರಿನ ಮದುವೆಗೆ ಹೋದಾಗ ಒಮ್ಮೆ, ಅಂಜನಾದ್ರಿಗೆ ಹೋಗಿ ಬರುವ ದಾರಿಯಲ್ಲಿ ಇನ್ನೊಮ್ಮೆ. ಆದರೆ ಹೋಗಿ ಬಂದುದೆಲ್ಲ ನೋಡಿದಂತಾಗುವುದಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹಂಪಿಯ ವಿಷಯದಲ್ಲಿ ಸತ್ಯವಾಗಿರುವಷ್ಟು ಮತ್ತಾವ ವಿಷಯದಲ್ಲಿಯೂ ಆಗಿಲ್ಲವೆಂದು ನನ್ನ ಭಾವನೆ. ಹಂಪಿಯನ್ನು ನಿಜವಾಗಿ ನೋಡಬೇಕಾದರೆ, ಬಲ್ಲವರೊಬ್ಬರನ್ನು ಮುಂದಿಟ್ಟುಕೊಂಡು, ಅವಸರವಿಲ್ಲದೆ, ಸೈಕಲ್ಲಿನ ಮೇಲೆ ನೋಡಬೇಕು. ಎಲ್ಲರಿಗಿಂತ ಮೊದಲು ನಮ್ಮ ಮಕ್ಕಳು ಹೀಗೆ ನೋಡಬೇಕು. ಇದು ನಾನು ಇಲ್ಲಿ ಮಂಡಿಸಬೇಕೆಂದಿರುವ ವಿಚಾರ.

ಈ ವಿಚಾರ ಪರದೇಶದಿಂದ ಬಂದುದೆಂದು ಕೆಲವರು ಹೇಳಿಯಾರು. ಯುರೋಪಿನ ಹಳೆಯ ಪಟ್ಟಣಗಳಲ್ಲಿ ಮಾರ್ಗದರ್ಶಿಯ ಹಿಂದೆ ನಿಧಾನವಾಗಿ ಸೈಕಲ್ ತುಳಿಯುತ್ತ ಊರು ನೋಡುವ ಪದ್ಧತಿ ರೂಢಿಯಲ್ಲಿರುವುದು ನಿಜ. ಇಟಲಿಯ ಲುಕ್ಕಾ ಎಂಬ ಪಟ್ಟಣವನ್ನು ಸುತ್ತುವರಿದ ಕೋಟೆಗೋಡೆ ಸುಮಾರು 4 ಕಿಲೋಮೀಟರ್ ಉದ್ದವಿದೆ. ಆ ಗೋಡೆಯ ಅಗಲವಾದ ನೆತ್ತಿಯ ಮೇಲೆಯೇ ಮರಗಳ ನೆರಳಿನಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳು ಸೈಕಲ್ಲಿನಲ್ಲಿ ಸುತ್ತುತ್ತಾರೆ. ಅದೇ ದೇಶದ ಫೆರಾರಾ ಪಟ್ಟಣದ ಹಳೆಯ ಗೋಡೆಗಳು ಸುಮಾರು 9 ಕಿಲೋಮೀಟರ್. ಆ ಊರಿಗೆ ಸೈಕಲ್ಲಿನ ಊರೆಂದೇ ಹೆಸರು. ಫೆರಾರಾ ತನ್ನ ಹಳೆಯ ಎಲ್ಲೆಯನ್ನು ಮೀರಿ ಬೆಳೆದದ್ದು 15ನೆಯ ಶತಮಾನದ ಕೊನೆಯಲ್ಲಿ, ಅಂದರೆ ನಮ್ಮ ತುಂಗಭದ್ರೆಯ ದಂಡೆಯಲ್ಲಿ ವಿಜಯನಗರ ಬೆಳಗುತ್ತಿದ್ದ ಕಾಲದಲ್ಲಿಯೇ. ಒಂದೇ ಕಾಲದ ಎರಡು ನಗರಗಳಲ್ಲಿ ಒಂದನ್ನು ಅದರ ಮಕ್ಕಳು ದಿನವೂ ತುಳಿದು ಅರಿಯುತ್ತಾರೆ. ಇನ್ನೊಂದನ್ನು ಅದರ ಮಕ್ಕಳು ಬಸ್ಸಿನ ಕಿಟಕಿಯಿಂದ ಕಂಡು ಮರೆಯುತ್ತಾರೆ. ನನ್ನನ್ನು ನೋಯಿಸುವುದು ಈ ವ್ಯತ್ಯಾಸವೇ.

ಸೈಕಲ್ಲೇ ಏಕೆ ಬೇಕು ಎಂದು ಕೇಳಬಹುದು. ಅದಕ್ಕೆ ಹಂಪಿಯ ವಿಸ್ತಾರವೇ ಉತ್ತರ. 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತಾಣ 41 ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಅದರೊಳಗೆ ಉಳಿದಿರುವ ಕಟ್ಟಡ, ಅವಶೇಷಗಳ ಸಂಖ್ಯೆ 1600ಕ್ಕೂ ಹೆಚ್ಚು. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತಾನು ಒಂದು ಗುಡ್ಡವನ್ನೇರಿ ನೋಡಿದರೂ ನಡುವೆ ಸಾಲುಬೆಟ್ಟಗಳಿರುವುದರಿಂದ ನಗರವನ್ನೆಲ್ಲ ಕಾಣಲಾಗಲಿಲ್ಲವೆಂದೂ, ಕಂಡಷ್ಟೇ ರೋಮ್ ನಗರದಷ್ಟು ದೊಡ್ಡದಾಗಿ ತೋರಿತೆಂದೂ ಬರೆದಿಟ್ಟಿದ್ದಾನೆ. ಅಂಥ ನಗರವನ್ನು ನಮ್ಮ ಸೀಮೆಯ ಬಿಸಿಲಿನಲ್ಲಿ ನಡೆದು ಮುಗಿಸಲಾಗದು. ಬಸ್ಸಿನಲ್ಲಿ ಹೋದರೆ ಅದು ನಿಲ್ದಾಣದಿಂದ ನಿಲ್ದಾಣಕ್ಕೆ ಹಾರಿಬಿಡುತ್ತದೆ. ವಿರೂಪಾಕ್ಷನ ಗುಡಿ, ಕಲ್ಲಿನ ರಥ, ಕಮಲ ಮಹಲು, ಆನೆಲಾಯ ಎಂದು ನಾಲ್ಕು ಚಿತ್ರಗಳು ಉಳಿಯುತ್ತವೆ. ಅವು ನಾಲ್ಕು ಕಟ್ಟಡಗಳು ಮಾತ್ರ, ನಗರವಲ್ಲ. ನಗರವಿರುವುದು ಆ ಕಟ್ಟಡಗಳ ನಡುವಿನ ಜಾಗದಲ್ಲಿ.

ಈ ನಡುವಿನ ಜಾಗವೆಂದರೇನು ಎಂಬುದು ನನಗೆ ಸ್ಪಷ್ಟವಾದದ್ದು ನಿವೃತ್ತಿಯ ತರುವಾಯ ಒಂದು ಚಳಿಗಾಲದ ಮುಂಜಾನೆ ಮಾರ್ಗದರ್ಶಿಯೊಬ್ಬನೊಡನೆ ಬಾಡಿಗೆ ಸೈಕಲ್ ತುಳಿದಾಗ. ತಂಡದಲ್ಲಿ ಏಳು ಜನರಿದ್ದೆವು. ನಾಲ್ವರು ವಿದೇಶೀಯರು, ಇಬ್ಬರು ಬೆಂಗಳೂರಿನ ತರುಣರು, ಏಳನೆಯವನು ನಾನು. ಸ್ಥಳೀಯ ಹುಡುಗನೇ ಆದ ಮಾರ್ಗದರ್ಶಿ ನನ್ನನ್ನು ಕಂಡು "ಸರ್, ನೀವು ಕೊಪ್ಪಳ ಕಡೆಯವರೇನ್ರಿ? ನಮ್ಮ ಕಡೆಯವರು ಸೈಕಲ್ ಮ್ಯಾಲೆ ಬರೋದೇ ಇಲ್ಲರೀ" ಎಂದು ಅಚ್ಚರಿಪಟ್ಟನು. ಹೇಮಕೂಟವನ್ನು ಬಲಕ್ಕೆ ಬಿಟ್ಟು, ಉದಯಗಿರಿಯ ವಿಜಯದ ನೆನಪಿಗೆ ಕೃಷ್ಣದೇವರಾಯ ಕಟ್ಟಿಸಿದ ಕೃಷ್ಣ ದೇವಾಲಯವನ್ನು ದಾಟಿ, ಉಗ್ರನರಸಿಂಹ, ಬಡವಿಲಿಂಗಗಳನ್ನು ನೋಡಿ ಮುಂದೆ ಸಾಗಿದೆವು. ಬಸ್ಸು ನಿಲ್ಲದ ಕಡೆಯಲ್ಲೆಲ್ಲ ಅವನು ನಿಲ್ಲುತ್ತಿದ್ದನು.

ಮೊದಲು ನಿಂತದ್ದು ಒಂದು ಹೆಬ್ಬಂಡೆಯ ಬಳಿ. ಅದರ ಅಂಚಿನುದ್ದಕ್ಕೂ ಅಳತೆ ಹಿಡಿದು ಕೊರೆದ ಸಣ್ಣ ಸಣ್ಣ ಗುಳಿಗಳ ಸಾಲು. ಬೆಣೆ ಬಡಿದು ಬಂಡೆಯನ್ನು ಸೀಳಲೆಂದು ತೋಡಿದ ಗುಳಿಗಳವು. ಒಂದು ಬಂಡೆ ನೇರವಾಗಿ ಸೀಳಿತ್ತು. ಪಕ್ಕದ ಬಂಡೆಯಲ್ಲಿ ಗುಳಿಗಳು ಮಾತ್ರ ಇದ್ದವು, ಸೀಳುವ ಕೆಲಸ ನಿಂತುಹೋಗಿತ್ತು. ಕಲ್ಲುಕುಟಿಗನು ಆ ದಿನ ಕೆಲಸ ಬಿಟ್ಟು ಏಕೆ ಹೋದನೋ ಯಾರು ಬಲ್ಲರು! ನಮ್ಮ ಇರಕಲ್ಲಗಡದ ಗುಡ್ಡವನ್ನು, ಅದರ ಮೇಲಿನ ಹಳೆಯ ಕೋಟೆಯನ್ನು ನೋಡುತ್ತ ಬೆಳೆದವರಿಗೆ ಬಂಡೆ ಹೊಸದಲ್ಲ. ಆದರೆ ಬಂಡೆಯೇ ಗುಡಿಯ ಕಂಬವಾಗುವ ನಡುವಿನ ಹೊತ್ತನ್ನು ಕಣ್ಣಾರೆ ಕಂಡಾಗ, ಸಾಮ್ರಾಜ್ಯವೆಂಬುದು ಅರಸರಿಂದಷ್ಟೇ ಆದುದಲ್ಲ, ಹೆಸರಿಲ್ಲದ ಕೈಗಳಿಂದ ಆದುದೆಂಬ ಅರಿವು ಮೂಡುತ್ತದೆ.

ಎರಡನೆಯ ನಿಲುಗಡೆ ಒಂದು ಕಾಲುವೆಯ ಬದಿಯಲ್ಲಿ. ಅದು ತುರುತ್ತು ಕಾಲುವೆ. ನದಿಗೆ ಒಡ್ಡು ಕಟ್ಟಿ, ಬೆಟ್ಟಗಳ ಸಂದಿಯಲ್ಲಿ ನೀರನ್ನು ಹರಿಸಿ, ಗುಡಿಗಳ ಭಾಗಕ್ಕೂ ಅರಮನೆಯ ಭಾಗಕ್ಕೂ ನಡುವಿನ ಕಣಿವೆಯನ್ನು ಹಸಿರಾಗಿಸಿದ್ದು ವಿಜಯನಗರದವರು. 1565ರಲ್ಲಿ ರಕ್ಕಸತಂಗಡಿ ಯುದ್ಧದ ತರುವಾಯ ಅರಮನೆಗಳು ಉರಿದುಹೋದವು, ಅರಸರು ಪೆನುಗೊಂಡೆಗೆ ಹೊರಟುಹೋದರು. ಕಾಲುವೆ ಮಾತ್ರ ಹರಿಯುತ್ತಲೇ ಉಳಿಯಿತು. ಇಂದಿಗೂ ಅಲ್ಲಿಯ ಬಾಳೆ, ಕಬ್ಬು, ಭತ್ತದ ಗದ್ದೆಗಳಿಗೆ ಆ ಕಾಲದ ಕಾಲುವೆಗಳೇ ನೀರುಣಿಸುತ್ತಿವೆ. 'ಹಾಳು ಹಂಪಿ' ಎಂದು ನಾವು ಬಾಯಿಮಾತಿಗೆ ಹೇಳುತ್ತೇವೆ. ಬಸ್ಸಿನಲ್ಲಿ ಹೋದವರಿಗೆ ಅದು ಹಾಳೇ. ಕಾಲುವೆಯ ಏರಿಯ ಮೇಲೆ ಸೈಕಲ್ ನಿಲ್ಲಿಸಿ, ರೈತನೊಬ್ಬ ಸಲಿಕೆಯಿಂದ ಮಡೆ ತಿರುವುವುದನ್ನು ನೋಡಿದವರಿಗೆ ಹಂಪಿ ಪೂರ್ತಿ ಹಾಳಾಗಿಲ್ಲವೆಂಬುದು ತಿಳಿಯುತ್ತದೆ. ಮಹಾನವಮಿ ದಿಬ್ಬದ ಬಳಿಯ ಕಲ್ಲಿನ ದೋಣಿಗಾಲುವೆ ಮತ್ತು ಮೆಟ್ಟಿಲುಗಳ ಪುಷ್ಕರಿಣಿಯನ್ನು ಆಮೇಲೆ ಕಂಡಾಗ ಅವು ಬರಿಯ ಚೆಲುವಿನ ವಸ್ತುಗಳಾಗಿ ಕಾಣುವುದಿಲ್ಲ. ಬೆಳಿಗ್ಗೆ ಕಂಡ ನೀರಿನ ಜಾಣ್ಮೆಯೇ ಅರಮನೆಯ ಅಂಗಳದಲ್ಲಿಯೂ ಕೆಲಸ ಮಾಡಿತ್ತೆಂದು ಮನಸ್ಸಿಗೆ ಹೊಳೆಯುತ್ತದೆ. ಬರಗಾಲವನ್ನೇ ಉಂಡು ಬೆಳೆದ ನಮ್ಮ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪಾಠವನ್ನು ಯಾವ ಪಠ್ಯಪುಸ್ತಕ ಕಲಿಸೀತು?

ಇನ್ನು ನದಿಯಾಚೆಯ ಆನೆಗೊಂದಿ. ಅದು ನಮ್ಮದೇ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಊರು. ವಿಜಯನಗರಕ್ಕಿಂತ ಹಿರಿದಾದ ತಾಯಿಬೇರು. ತಳವಾರಘಟ್ಟದ ಕಡೆಯಿಂದ ನದಿ ದಾಟುವಾಗ ನಮ್ಮ ಸೈಕಲ್ಲುಗಳನ್ನೂ ದೋಣಿಗೇರಿಸಿದೆವು. ಬೆತ್ತದ ಬುಟ್ಟಿಗೆ ತೊಗಲು ಹೊದಿಸಿದಂಥ ದುಂಡನೆಯ ಹರಿಗೋಲುಗಳಲ್ಲಿ ಜನ ಇಲ್ಲಿ ಹೊಳೆ ದಾಟುತ್ತಿದ್ದುದನ್ನು ಪಾಯಸನೂ ಬರೆದಿದ್ದಾನೆ. ಆನೆಗೊಂದಿಯ ಕೋಟೆಬಾಗಿಲು, ಗಗನ ಮಹಲು, ಹುಚ್ಚಪ್ಪಯ್ಯನ ಮಠ, ರಂಗನಾಥನ ಗುಡಿ, ಇವುಗಳ ನಡುವೆ ಜನ ಇಂದೂ ದನ ಕಟ್ಟುತ್ತಾರೆ, ರೊಟ್ಟಿ ಬಡಿಯುತ್ತಾರೆ, ಜಗಲಿಯ ಮೇಲೆ ಕುಳಿತು ಹರಟುತ್ತಾರೆ. ಸೈಕಲ್ಲಿನವನು ಅವರಿಗೆ 'ನಮಸ್ಕಾರ್ರೀ' ಎನ್ನಬಹುದು, ನೀರು ಕೇಳಿ ಕುಡಿಯಬಹುದು. ಬಸ್ಸಿನ ಕಿಟಕಿಯಿಂದ ಯಾರೂ ಯಾರಿಗೂ ನಮಸ್ಕಾರ ಮಾಡುವುದಿಲ್ಲ.

ಇಲ್ಲೊಂದು ಕಹಿ ನೆನಪನ್ನೂ ಹೇಳಬೇಕು. ಆನೆಗೊಂದಿಗೂ ತಳವಾರಘಟ್ಟಕ್ಕೂ ನಡುವೆ ಕಟ್ಟಲಾರಂಭಿಸಿದ ಸೇತುವೆಯಿಂದ ಭಾರಿ ವಾಹನಗಳು ಸ್ಮಾರಕಗಳ ನಡುವೆಯೇ ಹಾಯುವವೆಂಬ ಆತಂಕವೂ ಸೇರಿ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿದರು. ಅದು ಆ ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಬಡ ಕಾರ್ಮಿಕರು ಜೀವ ಕಳೆದುಕೊಂಡರು. ಹೊಳೆ ದಾಟಲು ಸೇತುವೆ ಬೇಕೆಂಬ ನಮ್ಮ ಜನರ ಬೇಡಿಕೆ ತಪ್ಪಲ್ಲ. ತುಂಬಿದ ಹೊಳೆಯ ಈಚೆಗೆ ನಿಂತು ಆಚೆ ದಂಡೆ ನೋಡಿದವರಿಗೆ ಅದರ ಕಷ್ಟ ಗೊತ್ತು. ಆದರೆ ಹಂಪಿಗೆ ವೇಗ ಒಗ್ಗುವುದಿಲ್ಲವೆಂಬುದೂ ಅಷ್ಟೇ ನಿಜ. ವಿಜಯವಿಠ್ಠಲ ದೇವಾಲಯದಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿಯೇ ವಾಹನಗಳನ್ನು ತಡೆದು, ಮುಂದಕ್ಕೆ ಬ್ಯಾಟರಿ ಬಂಡಿಗಳನ್ನು ಓಡಿಸುವ ವ್ಯವಸ್ಥೆ ಬಂದದ್ದು ಈ ಅರಿವಿನಿಂದಲೇ. ಆ ಅರಿವನ್ನು ಇನ್ನೆರಡು ಹೆಜ್ಜೆ ಮುಂದಕ್ಕೆ ಒಯ್ಯಬೇಕು ಎಂಬುದಷ್ಟೇ ನನ್ನ ವಾದ.

ನನ್ನ ವಾದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಮೊದಲನೆಯದು ಬಿಸಿಲು. ನವೆಂಬರಿನಿಂದ ಜನವರಿಯವರೆಗೆ, ಬೆಳಿಗ್ಗೆ ಏಳಕ್ಕೆ ಹೊರಟು ಹನ್ನೊಂದಕ್ಕೆ ನೆರಳು ಸೇರಿ, ಮತ್ತೆ ನಾಲ್ಕಕ್ಕೆ ಹೊರಟರೆ ಅದಕ್ಕೆ ಪರಿಹಾರವುಂಟು. ಎರಡನೆಯದು ಜಾಲಿಮುಳ್ಳು. ಇದು ನಗೆಯ ಮಾತಲ್ಲ. ನಮ್ಮ ಸೀಮೆಯಲ್ಲಿ ಪಂಕ್ಚರಿನ ಪೆಟ್ಟಿಗೆಯಿಲ್ಲದೆ ಸೈಕಲ್ ಹೊರಡಿಸುವುದು ಬುತ್ತಿಯಿಲ್ಲದೆ ಹೊಲಕ್ಕೆ ಹೋದಂತೆ. ಮೂರನೆಯದು ನಿಜಕ್ಕೂ ತೂಕದ ಆಕ್ಷೇಪ. ರಸ್ತೆಯಲ್ಲಿ ಲಾರಿ, ಟೆಂಪೊಗಳು ಓಡಾಡುವಾಗ ಮಕ್ಕಳನ್ನು ಸೈಕಲ್ ಮೇಲೆ ಬಿಡುವುದು ಹೇಗೆ ಎಂದು ತಾಯಂದಿರು ಕೇಳುತ್ತಾರೆ. ಸೈಕಲ್ಲಿಗೆ ಹೆಸರಾದ ನೆದರ್ಲೆಂಡ್ಸ್ ದೇಶದಲ್ಲಿಯೂ ರಸ್ತೆಗಳು ಮೊದಲಿನಿಂದ ಸುರಕ್ಷಿತವಾಗಿರಲಿಲ್ಲ. 1971ರ ಒಂದೇ ವರ್ಷದಲ್ಲಿ ಅಲ್ಲಿ ವಾಹನ ಅಪಘಾತಗಳಿಂದ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಾಯಿ ತಂದೆಯರು ಬೀದಿಗಿಳಿದು ಕೇಳಿದ ಮೇಲೆ ಸೈಕಲ್ಲಿಗೆ ಬೇರೆ ದಾರಿಗಳಾದವು. ಅಂದರೆ ಮಕ್ಕಳನ್ನು ಮನೆಯಲ್ಲಿ ಕೂಡಿಹಾಕುವುದು ಉತ್ತರವಲ್ಲ, ದಾರಿಯನ್ನು ಕೇಳುವುದು ಉತ್ತರ. ವಾರದಲ್ಲಿ ಒಂದು ಮುಂಜಾನೆಯಾದರೂ ಹಂಪಿ–ಕಮಲಾಪುರದ ಒಳರಸ್ತೆಯನ್ನು ಸೈಕಲ್ಲಿಗೂ ಕಾಲ್ನಡಿಗೆಗೂ ಬಿಟ್ಟುಕೊಡಿರೆಂದು ಕೇಳಲು ನಮಗೇನು ಅಡ್ಡಿ?

ನಾಲ್ಕನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೈಕಲ್ ಬಡವರ ವಾಹನ, ಮೋಟಾರ್ ಸೈಕಲ್ ಕೊಂಡ ಮೇಲೆ ಅದನ್ನು ತುಳಿಯುವುದು ಮರ್ಯಾದೆಗೆ ಕಡಿಮೆ ಎಂಬ ಭಾವನೆ ಒಳಗೊಳಗೇ ಇದೆ. ಸೀಟಿಗೆ ಕಾಲು ನಿಲುಕದ ವಯಸ್ಸಿನಲ್ಲಿ ನಡುದಂಡದ ಕೆಳಗೆ ಕಾಲು ತೂರಿಸಿ ಸೈಕಲ್ ಕಲಿತ ನಮ್ಮ ಪೀಳಿಗೆಯೇ ಈ ನಾಚಿಕೆಯನ್ನು ಮಕ್ಕಳಿಗೆ ಕಲಿಸಿತೆಂದರೆ ವಿಪರ್ಯಾಸವಲ್ಲವೇ? 2006–07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದಾಗ, ಹಳ್ಳಿಯ ಹೆಣ್ಣುಮಕ್ಕಳು ಸಾಲುಸಾಲಾಗಿ ಪ್ರೌಢಶಾಲೆಗೆ ತುಳಿದು ಬರುತ್ತಿದ್ದ ದೃಶ್ಯವನ್ನು ನನ್ನ ಕಣ್ಣು ಮರೆತಿಲ್ಲ. ಕೋವಿಡ್ ವರ್ಷಗಳಲ್ಲಿ ಆ ಹಂಚಿಕೆ ನಿಂತಿತು. ಆದರೆ ಸೈಕಲ್ ಒಂದು ಹುಡುಗಿಗೆ ಕೊಡುವ ಸ್ವಾತಂತ್ರ್ಯ ಎಂಥದೆಂಬುದನ್ನು ನಮ್ಮ ಊರುಗಳು ಕಂಡಿವೆ. ಶಾಲೆಗೆ ತಲುಪಿಸಿದ ಸೈಕಲ್ ಚರಿತ್ರೆಗೂ ತಲುಪಿಸಬಲ್ಲದು.

ಮಾರ್ಗದರ್ಶಿಯ ವಿಷಯದಲ್ಲಿ ಒಂದು ಮಾತು. ಬಸ್ಸಿನ ಪ್ರವಾಸಿಗರು ಅವನನ್ನು ಅರ್ಧ ಗಂಟೆಗೆ ಗೊತ್ತುಮಾಡಿಕೊಂಡು, ಅವನ ಮಾತು ಮುಗಿಯುವ ಮೊದಲೇ ಬಸ್ಸಿನ ಹಾರನ್ನಿಗೆ ಓಡುತ್ತಾರೆ. ಸೈಕಲ್ ಪ್ರವಾಸದಲ್ಲಿ ಅವನಿಗೆ ಅರ್ಧ ದಿನದ ದುಡಿಮೆ, ಸೈಕಲ್ ಬಾಡಿಗೆಗೆ ಕೊಡುವವನಿಗೆ ಏಳು ಸೈಕಲ್ಲಿನ ಬಾಡಿಗೆ, ಚಹಾದ ಅಂಗಡಿಗೆ, ಖಾನಾವಳಿಗೆ, ದೋಣಿಯವನಿಗೆ ಅವರವರ ಪಾಲು. ಸ್ಮಾರಕಗಳನ್ನು ಕಾಯುವವರು ಕಾವಲುಗಾರರಷ್ಟೇ ಅಲ್ಲ. ಅವುಗಳಿಂದ ಮರ್ಯಾದೆಯ ಅನ್ನ ಉಣ್ಣುವ ಊರಿನವರೂ ಹೌದು. 2019ರಲ್ಲಿ ತರುಣರು ಹಂಪಿಯ ಕಂಬಗಳನ್ನು ತಳ್ಳಿ ಕೆಡವುವ ದೃಶ್ಯ ಹರಡಿದಾಗ ನಾಡೆಲ್ಲ ಮರುಗಿತು. ನ್ಯಾಯಾಲಯ ಅವರಿಗೆ ದಂಡ ವಿಧಿಸಿ, ಕಂಬವನ್ನು ಮರಳಿ ನಿಲ್ಲಿಸುವಂತೆ ಹೇಳಿತು. ಕೆಡವಲು ಕ್ಷಣ ಸಾಕಾದ ಕಲ್ಲನ್ನು ಎತ್ತಿ ನಿಲ್ಲಿಸುವಾಗ ಅವರಿಗೆ ಅದರ ಭಾರ ತಿಳಿದಿರಬೇಕು. ಬೆಣೆಯ ಗುಳಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದ ಮಗು ಮುಂದೆ ಕಂಬ ತಳ್ಳುವ ತರುಣನಾಗಲಾರದೆಂಬುದು ಶಿಕ್ಷಕನಾಗಿ ನನ್ನ ನಂಬಿಕೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದಾರೆ, ಎಸ್.ಡಿ.ಎಂ.ಸಿ. ಸದಸ್ಯರಾಗಿದ್ದಾರೆ, ಕೆಲವರು ದೂರದ ದೇಶಗಳಲ್ಲಿದ್ದಾರೆ. ಅವರೆಲ್ಲರಲ್ಲಿ ನನ್ನ ಕೋರಿಕೆ ಚಿಕ್ಕದು. ಮುಂದಿನ ಶಾಲಾ ಪ್ರವಾಸದಲ್ಲಿ ಐದು ಊರುಗಳನ್ನು ಒಂದು ದಿನದಲ್ಲಿ ತುರುಕದೆ, ಹಂಪಿಯೊಂದಕ್ಕೇ ಒಂದು ಪೂರ್ತಿ ದಿನ ಕೊಡಿರಿ. ಇಪ್ಪತ್ತು ಮಕ್ಕಳ ತಂಡ, ಇಬ್ಬರು ಶಿಕ್ಷಕರು, ಒಬ್ಬ ಮಾರ್ಗದರ್ಶಿ, ಎಂಟು ಹತ್ತು ಕಿಲೋಮೀಟರ್ ದಾರಿ. ಇಷ್ಟೇ ಸಾಕು. ಅದೂ ಕಷ್ಟವೆನಿಸಿದರೆ ಮನೆಯ ಬಾಗಿಲಿನಿಂದಲೇ ಆರಂಭಿಸಿರಿ. ನಮ್ಮ ಊರಿನ ಗಡವಿದೆ. ಕೊಪ್ಪಳದಲ್ಲಿ ಗವಿಮಠದ ಬೆಟ್ಟದ ಮೇಲೆ ಅಶೋಕನ ಶಾಸನವಿದೆ. ಇಟಗಿಯಲ್ಲಿ 1112ರಲ್ಲಿ ದಂಡನಾಯಕ ಮಹಾದೇವ ಕಟ್ಟಿಸಿದ ದೇವಾಲಯವಿದೆ. ಹತ್ತಿರದ ಹಳ್ಳಿಯ ಮಕ್ಕಳು ಇವುಗಳಲ್ಲಿ ಒಂದೊಂದಕ್ಕೆ ಒಂದು ಭಾನುವಾರ ಸೈಕಲ್ಲಿನಲ್ಲಿ ಹೋಗಿ ಬರಬಹುದು. ಪರದೇಶದಲ್ಲಿರುವವರು ರಜೆಗೆ ಬಂದಾಗ ಮಕ್ಕಳನ್ನು ಕಾರಿನಲ್ಲಿ ಹಂಪಿಗೆ ಕರೆದೊಯ್ದು ಸಂಜೆಗೆ ಮರಳುವ ಬದಲು, ಅಲ್ಲಿಯ ಊರುಗಳಲ್ಲಿ ತುಳಿದಂತೆ ಇಲ್ಲಿಯೂ ತುಳಿಯಲಿ.

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಸುತ್ತುವುದಕ್ಕೂ ಓದುವುದಕ್ಕೂ ಒಂದೇ ನಿಯಮ: ಪುಟಗಳನ್ನು ಸರಸರನೆ ತಿರುವಿದವನು ಓದಿದಂತಲ್ಲ.