ಮಗ್ಗಿ ಬಾರದ ಅಮ್ಮನಿಗೂ ಲೆಕ್ಕ ಬರುತ್ತದೆ

ಓದದ ತಂದೆತಾಯಿ ಮಕ್ಕಳ ಗಣಿತಕ್ಕೆ ಕೈಹಾಕಬಾರದು, ಟ್ಯೂಷನ್ನೇ ಗತಿ ಎಂಬರ್ಥದ ಕಳೆದ ವಾರದ ಲೇಖನ ಓದಿ ಸಿಟ್ಟು ಬಂತು. ಲೇಖಕರು ಜನವರಿಯಲ್ಲೊಮ್ಮೆ ಸಂಜೆ ಹೊತ್ತು ಕೊಡಗಿನ ಕಾಫಿ ಕಣಕ್ಕೆ ಬರಲಿ. ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯುವ, ತೋಟದ ಲೈನ್‌ಮನೆಯ ಹೆಂಗಸು, ತಕ್ಕಡಿಯಿಂದ ಚೀಲ ಇಳಿಯುವ ಮೊದಲೇ ತನ್ನ ಕೂಲಿ ಹೇಳುತ್ತಾಳೆ. ಲೆಕ್ಕ ಬರೆಯುವ ರೈಟರ್ ತಪ್ಪು ಬರೆದರೆ ಬಿಡುವುದಿಲ್ಲ. ಮಗ್ಗಿ ಬಾಯಿಪಾಠ ಇಲ್ಲದಿರಬಹುದು, ಗುಣಾಕಾರ ಇದೆ.

ಇನ್ನು ಮಳೆ. ನಮ್ಮ ಬೆಳೆಗಾರರು ಇಂದಿಗೂ ಅದನ್ನು ಇಂಚು, ಸೆಂಟ್‌ಗಳಲ್ಲೇ ಹೇಳುತ್ತಾರೆ. ಇಂಚಿಗೆ ನೂರು ಸೆಂಟ್. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುಬೆಳಿಗ್ಗೆ ಮಳೆಮಾಪಕ ನೋಡಲು ಮಗುವನ್ನೇ ಕಳಿಸಿ. ಮೊನ್ನೆ 40 ಸೆಂಟ್, ಇಂದು 85; ಒಟ್ಟು ಒಂದು ಇಂಚು 25 ಸೆಂಟ್, ಅಂದರೆ 1.25. ದಶಮಾಂಶ ಅಂಗಳದಲ್ಲೇ ಬಂತು! ಅದನ್ನು 25.4ರಿಂದ ಗುಣಿಸಿದರೆ ಪತ್ರಿಕೆಯಲ್ಲಿ ಬರುವ ಮಿಲಿಮೀಟರ್ ಲೆಕ್ಕ. ಸರ್ಕಾರಿ ಶಾಲೆಗಳಿಗೆ ಗಣಿತ ಕಲಿಕಾ ಆಂದೋಲನದ ಕಲಿಕೋಪಕರಣಗಳ ಪೆಟ್ಟಿಗೆ ಬಂದದ್ದೂ ಮಕ್ಕಳು ಮುಟ್ಟಿ ಕಲಿಯಲೆಂದೇ ತಾನೆ?

ಒಂದು ಮಾತು ಒಪ್ಪುತ್ತೇನೆ. ನಮ್ಮ ಕಾಲದ ಭಾಗಾಕಾರದ ಕ್ರಮವನ್ನು ಹೇರಿದರೆ ಮಗು ಗೊಂದಲಕ್ಕೆ ಬೀಳುತ್ತದೆ. ಕೋಲು ಹಿಡಿದು ಇಪ್ಪತ್ತರವರೆಗೆ ಮಗ್ಗಿ ಹೇಳಿಸಿದ ನನ್ನಪ್ಪನ ದಾರಿಯಂತೂ ಯಾರಿಗೂ ಬೇಡ. ಆದರೆ ಅದು ಕೋಲಿನ ತಪ್ಪು, ಮನೆಯದಲ್ಲ.

ಲೇಖಕರೇ, ಮುಂದಿನ ಸಲ ಆ ಲೈನ್‌ಮನೆಯ ತಾಯಿಗೆ ಟ್ಯೂಷನ್ನಿನ ದಾರಿ ತೋರಿಸಬೇಡಿ. ಕೂಲಿಯ ಲೆಕ್ಕವನ್ನು ಮಗುವಿನ ಎದುರು ಗಟ್ಟಿಯಾಗಿ ಮಾಡು ಎಂದು ಬರೆಯಿರಿ.