ಹಿತ್ತಲ ನದಿ ಮದ್ದಲ್ಲವೇ?

ಈಚಿನ ವರ್ಷಗಳಲ್ಲಿ ಆದವಾನಿ, ಎಮ್ಮಿಗನೂರು, ಆಲೂರು ಸೀಮೆಯ ಯುವಜನರಲ್ಲಿ ಒಂದು ಹೊಸ ಹಂಬಲ ಬೆಳೆದಿದೆ. ನಾಲ್ಕು ದಿನ ರಜೆ ದೊರೆತರೆ ಸಾಕು, ಬಾಡಿಗೆಯ ವಾಹನ ಗೊತ್ತುಮಾಡಿಕೊಂಡು 300 ಕಿಲೋಮೀಟರಿಗೂ ಆಚೆಯ ದಾಂಡೇಲಿಗೆ ಹೊರಡುತ್ತಾರೆ. ಕಾಳಿ ನದಿಯ ಸೆಳವಿನಲ್ಲಿ ರಬ್ಬರ್ ದೋಣಿಯೇರಿ ರಾಫ್ಟಿಂಗ್ ಮಾಡಿ, ದಡದ ಕಾಡಿನಲ್ಲಿ ಮಂಗಟ್ಟೆ ಹಕ್ಕಿಯನ್ನೂ ಬಂಡೆಯ ಮೇಲೆ ಮಲಗಿದ ಮೊಸಳೆಯನ್ನೂ ಕಂಡು, ಮೊಬೈಲಿನ ತುಂಬ ಚಿತ್ರಗಳನ್ನು ತುಂಬಿಕೊಂಡು ಮರಳುತ್ತಾರೆ. ಮಕ್ಕಳ ನಡುವೆಯೇ ಆಯುಷ್ಯ ಕಳೆದ ನಮಗೆ ಎಳೆಯರ ಆಟಪಾಟಗಳ ಮೇಲೆ ಮುನಿಸಿಲ್ಲ. ನಮ್ಮ ತಕರಾರು ಬೇರೆ. ನದಿಯ ಸಾಹಸವನ್ನು ಹಣ ತೆತ್ತು ಕೊಳ್ಳಲು ಅಷ್ಟು ದೂರ ಹೋಗುವ ಈ ಸೀಮೆಯ ಕನ್ನಡಿಗರು, ಮನೆಯಂಗಳದಲ್ಲಿ ಹರಿಯುವ ತುಂಗಭದ್ರೆಯ ಯೋಗಕ್ಷೇಮವನ್ನು ಕೇಳುವುದನ್ನೇ ಬಿಟ್ಟಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನದಿಗೂ ಅನ್ವಯವಾದಂತಾಯಿತು. ಈ ಉಪೇಕ್ಷೆಗೆ ನಾವು ತೆರುತ್ತಿರುವ ಬೆಲೆ ದೊಡ್ಡದು ಎಂಬುದೇ ಈ ಬರಹದ ವಾದ.

ದಾಂಡೇಲಿಯಲ್ಲಿ ಮಾರಾಟವಾಗುವುದೇನೆಂದು ಮೊದಲು ನೋಡೋಣ. ಕಾಳಿಯು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನಲ್ಲಿ ಹುಟ್ಟಿ, 184 ಕಿಲೋಮೀಟರು ಹರಿದು, ಕಾರವಾರದ ಸದಾಶಿವಗಡದ ಬಳಿ ಕಡಲು ಸೇರುವ ನದಿ. ಅಷ್ಟು ಕಿರಿದಾದ ಹರಿವಿನಲ್ಲಿಯೇ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಒಂದರ ಕೆಳಗೊಂದು ಅಣೆಕಟ್ಟುಗಳಿವೆ. ಗಣೇಶಗುಡಿಯಲ್ಲಿರುವ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರು. ರಾಫ್ಟಿಂಗ್ ನಡೆಯುವುದು ಅದರ ಕೆಳಗೆ. ವಿದ್ಯುದಾಗಾರದ ಯಂತ್ರಗಳು ತಿರುಗಿದಾಗ ಹೊರಬೀಳುವ ನೀರೇ ಆ ದೋಣಿಗಳನ್ನು ಕುಣಿಸುವ ಸೆಳವು. ಯಂತ್ರ ನಿಂತರೆ ಸೆಳವು ತಗ್ಗುತ್ತದೆ, ಆಟವೂ ನಿಲ್ಲುತ್ತದೆ. ಜಾಹೀರಾತುಗಳು ಅದನ್ನು ಯಾರಿಗೂ ಪಳಗದ ಕಾಡುನದಿಯೆಂದು ಬಣ್ಣಿಸುತ್ತವೆ. ವಾಸ್ತವದಲ್ಲಿ ಅದು ಗುಂಡಿ ಒತ್ತಿದಾಗ ಹರಿಯುವ ನದಿ. ಆ ಜಲಾಶಯದ ಅಡಿಯಲ್ಲಿ ಸೂಪಾ ಎಂಬ ಊರೇ ಮುಳುಗಿದೆ. ದೋಣಿಯಲ್ಲಿ ಕುಳಿತು ಕೇಕೆ ಹಾಕುವ ಎಷ್ಟು ಮಂದಿಗೆ ಇದು ಗೊತ್ತು? ಇದೇ ನದಿಯ ದಡದ ಕೈಗಾದಲ್ಲಿ ಅಣುಸ್ಥಾವರ ಬೇಡವೆಂದು ಹೋರಾಡಿದ ಶಿವರಾಮ ಕಾರಂತರು, ಎಂಬತ್ತು ದಾಟಿದ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೂ ನಿಂತರು. ಗೆಲ್ಲಲಿಲ್ಲ. ಆದರೆ ನದಿಯೊಂದರ ಪರವಾಗಿ ಸಾಹಿತಿಯು ಬೀದಿಗಿಳಿಯಬಹುದು ಎಂಬುದನ್ನು ತೋರಿಸಿದರು. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ನದಿಯ ಮಾತೇಕೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ನ್ಯಾಯವಾಗಿ ಹೇಳುವುದಾದರೆ, ದಾಂಡೇಲಿಯಿಂದ ಕಲಿಯಬೇಕಾದದ್ದೂ ಇದೆ. ಅಲ್ಲಿಯ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ನದಿಯ ಹೆಸರನ್ನೇ ಇಟ್ಟು ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಕರೆದರು. ನದಿಯ ಹೆಸರಿನಿಂದ ಕಾಡನ್ನು ಗುರುತಿಸುವುದು ಒಳ್ಳೆಯ ಮನಸ್ಸಿನ ಲಕ್ಷಣ. ಸ್ಥಳೀಯ ಯುವಕರು ಹುಟ್ಟು ಹಾಕುವುದನ್ನು ಕಲಿತು ದೋಣಿ ನಡೆಸುವ ಮಾರ್ಗದರ್ಶಕರಾಗಿದ್ದಾರೆ. ಕ್ರಮಬದ್ಧವಾಗಿ ನಡೆಸುವವರು ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ಟು, ಹೆಲ್ಮೆಟ್ಟು ತೊಡಿಸದೆ ದೋಣಿ ಹತ್ತಿಸುವುದಿಲ್ಲ. ಆದರೆ ಲಾಭದಾಸೆಗೆ ಅಲ್ಲಿಯೂ ಕಡಿವಾಣವಿಲ್ಲ. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿಯ ಬಳಿ ಮಿತಿಮೀರಿ ಜನ ತುಂಬಿದ್ದ ರಾಫ್ಟೊಂದು ಅಪಾಯಕ್ಕೆ ಸಿಲುಕಿ, ಜಿಲ್ಲಾಡಳಿತವು ಜಲಕ್ರೀಡೆಗಳನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಗಂಗೆಯ ದಡದ ಹೃಷೀಕೇಶದಲ್ಲಿಯೂ ಹೀಗೆಯೇ. ಸರಿಯಾದ ನಿಯಮಗಳಿಲ್ಲದೆ ರಾಫ್ಟಿಂಗ್ ನಡೆಸಬಾರದೆಂದು ಉತ್ತರಾಖಂಡದ ಉಚ್ಚ ನ್ಯಾಯಾಲಯವು 2018ರ ಜೂನ್‌ನಲ್ಲಿ ತಡೆಯೊಡ್ಡಿತ್ತು.

ಇನ್ನು ನಮ್ಮ ನದಿಯ ಮಾತಿಗೆ ಬರೋಣ. ತುಂಗೆಯೂ ಭದ್ರೆಯೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗಿ, ಹರಿಹರ, ಹಂಪೆ, ಕಂಪ್ಲಿಗಳನ್ನು ಹಾದು ನಮ್ಮ ಕೌತಾಳ, ಕೋಸಿಗಿ, ಮಂತ್ರಾಲಯ ಮಂಡಲಗಳ ಅಂಚಿಗೆ ಬರುತ್ತವೆ. ಇಲ್ಲಿ ಈಚೆ ದಡ ಆಂಧ್ರ, ಆಚೆ ದಡ ಕರ್ನಾಟಕದ ರಾಯಚೂರು ಜಿಲ್ಲೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯನ್ನು ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆ ಕಡೆಗೆ ಹಾಕಿದರು. ಆ ಮೇಲೆ ಕಚೇರಿಯ ಭಾಷೆ ಬದಲಾಯಿತು, ಬಸ್ಸಿನ ಫಲಕ ಬದಲಾಯಿತು, ಶಾಲೆಗಳಲ್ಲಿ ಕನ್ನಡ ಮಾಧ್ಯಮದ ತರಗತಿಗಳು ವರ್ಷದಿಂದ ವರ್ಷಕ್ಕೆ ತೆಳುವಾದವು. ಬದಲಾಗದೆ ಉಳಿದದ್ದು ನದಿಯೊಂದೇ. ಕನ್ನಡ ನಾಡಿನಲ್ಲಿ ಬಿದ್ದ ಮಳೆ ಯಾವ ಪರವಾನಗಿಯನ್ನೂ ಕೇಳದೆ ನಮ್ಮ ಬಾಗಿಲಿಗೆ ಬರುತ್ತದೆ. ನಮ್ಮ ಪಾಲಿಗೆ ತುಂಗಭದ್ರೆಯು ನೀರಿನ ದಾರಿಯಷ್ಟೇ ಆಗಿರದೆ, ತುಂಡಾಗದೆ ಉಳಿದ ನಂಟೂ ಆಗಿದೆ.

ಈ ನಂಟನ್ನು ಶತಮಾನಗಳ ಕಾಲ ಹೊತ್ತದ್ದು ಹರಿಗೋಲು. ಬಿದಿರನ್ನು ಬುಟ್ಟಿಯಂತೆ ಹೆಣೆದು, ಮೇಲೆ ತೊಗಲು ಹೊದಿಸಿ ಮಾಡುತ್ತಿದ್ದ ಈ ದೋಣಿಯನ್ನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಿಸ್ ಬೆರಗಿನಿಂದ ಗಮನಿಸಿದ್ದಾನೆ. ಹದಿನೈದಿಪ್ಪತ್ತು ಜನರನ್ನಲ್ಲದೆ ಕುದುರೆ, ಎತ್ತುಗಳನ್ನೂ ಅದು ದಾಟಿಸುತ್ತಿತ್ತೆಂದು ಬರೆದಿದ್ದಾನೆ. ನಮ್ಮ ಕಡೆ ಅದರಲ್ಲಿ ಮದುವೆಯ ದಿಬ್ಬಣ ದಾಟಿದೆ, ಜೋಳದ ಚೀಲ ದಾಟಿದೆ, ಹೆರಿಗೆಗೆಂದು ತವರಿಗೆ ಹೊರಟ ಹೆಣ್ಣುಮಗಳು ದಾಟಿದ್ದಾಳೆ. ಸುಳಿಯೆಲ್ಲಿದೆ, ಬಂಡೆಯೆಲ್ಲಿದೆ, ಯಾವ ಬಣ್ಣದ ನೀರು ಬಂದರೆ ಮೇಲೆ ಎಂಥ ಮಳೆಯಾಗಿದೆ ಎಂಬುದನ್ನು ಅಂಬಿಗನು ಬಾಯಿಪಾಠವಾಗಿ ಬಲ್ಲವನು. ಪದವಿಯಿಲ್ಲದ ಈ ವಿದ್ಯೆಗೆ ನಾವು ಕೊಟ್ಟ ಬೆಲೆಯೇನು? ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ ಬಂದಿತು. ಸೇತುವೆಗಳಾದ ಮೇಲೆ ಅಂಬಿಗನ ಮಗ ಕೂಲಿಗೆ ಹೋದ. ಅದೇ ಬಗೆಯ ಪರಿಣತಿಯನ್ನು ಬೇರೊಂದು ನದಿಯಲ್ಲಿ ಇಂಗ್ಲಿಷ್ ಹೆಸರಿನಿಂದ ಕರೆದಾಗ ಮಾತ್ರ ನಮ್ಮವರು ಹಣ ಕೊಟ್ಟು ಸಾಲು ನಿಲ್ಲುತ್ತಾರೆ.

ನದಿಯ ಇಂದಿನ ಸ್ಥಿತಿಯೇನು? ಹೊಸಪೇಟೆಯ ಅಣೆಕಟ್ಟಿನಲ್ಲಿ ಮೊದಲು 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಈಗ ಅದು 105ರ ಆಸುಪಾಸಿಗೆ ಇಳಿದಿದೆ. ಆದವಾನಿಯ ಹೊಲಗಳಿಗೂ ಕುಡಿಯುವ ನೀರಿಗೂ ಆಧಾರವಾದ ಕೆಳಮಟ್ಟದ ಕಾಲುವೆಯಲ್ಲಿ ಕೊನೆಯ ಭಾಗಕ್ಕೆ ನೀರು ತಲುಪುವುದೇ ಪ್ರತಿವರ್ಷದ ಜಗಳ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ಹರಿದು ಕೊಚ್ಚಿಹೋದಾಗ, ಒಂದು ಸರಪಳಿಯ ಮೇಲೆ ಮೂರು ರಾಜ್ಯಗಳ ರೈತರ ಬಾಳು ತೂಗುತ್ತಿದೆಯೆಂಬುದು ಎಲ್ಲರಿಗೂ ತಿಳಿಯಿತು. 2009ರ ಅಕ್ಟೋಬರ್ ಆರಂಭದಲ್ಲಿ ಇದೇ ನದಿ ಉಕ್ಕಿ ಮಂತ್ರಾಲಯವನ್ನೂ ಕರ್ನೂಲು ನಗರವನ್ನೂ ಮುಳುಗಿಸಿತು. ಬೇಸಿಗೆಯಲ್ಲಾದರೆ ಬಂಡೆಗಳ ನಡುವೆ ಅಲ್ಲಲ್ಲಿ ಮಡುಗಳು, ಮರಳು ತುಂಬುವ ಟ್ರ್ಯಾಕ್ಟರುಗಳ ಜಾಡು. 2020ರ ನವೆಂಬರಿನ ಪುಷ್ಕರಕ್ಕೆಂದು ಘಟ್ಟಗಳನ್ನು ಸಜ್ಜುಗೊಳಿಸಿದರು. ಹನ್ನೆರಡು ವರ್ಷಕ್ಕೊಮ್ಮೆ ಮೆಟ್ಟಿಲು ಕಟ್ಟುವ ನಾವು, ಆ ಮೆಟ್ಟಿಲಿನ ಕೆಳಗೆ ಹನ್ನೆರಡು ತಿಂಗಳೂ ನೀರಿರಬೇಕೆಂದು ಕೇಳುವುದಿಲ್ಲ. ಗಂಗಾಸ್ನಾನ, ತುಂಗಾಪಾನ ಎಂದು ಹೊಗಳಿಸಿಕೊಂಡ ನೀರು ಇದು!

ಕಾಡುಪ್ರಾಣಿಗಳನ್ನು ನೋಡಲು ದಾಂಡೇಲಿಗೆ ಹೋಗುತ್ತೇವೆ ಎನ್ನುವವರಿಗೆ ಇನ್ನೊಂದು ವಿಷಯ ಹೇಳಬೇಕು. ಕರ್ನಾಟಕ ಸರ್ಕಾರವು 2015ರಲ್ಲಿ ಇದೇ ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹರಿವನ್ನು ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ನೀರುನಾಯಿಯ ಜೊತೆಗೆ ಮೊಸಳೆ, ಮೆದುಚಿಪ್ಪಿನ ಆಮೆ, ಬಗೆಬಗೆಯ ಮೀನು ಮತ್ತು ನೀರುಹಕ್ಕಿಗಳಿಗೆ ಅದು ಆಸರೆ. ಕಂಪ್ಲಿಗೆ ಆ ರಕ್ಷಣೆ ಮುಗಿಯುತ್ತದೆ. ನೀರುನಾಯಿಗೆ ತಾಲ್ಲೂಕಿನ ಗಡಿ ತಿಳಿಯದು, ರಾಜ್ಯದ ಗಡಿಯಂತೂ ಮೊದಲೇ ತಿಳಿಯದು. ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಮಡುವಿನ ಬದಿಯ ಮರಳನ್ನು ಬಗೆಯುವುದು, ಬೇಸಿಗೆಯಲ್ಲಿ ನದಿಯನ್ನು ಪೂರ್ತಿ ಒಣಗಿಸುವುದು ಇವು ಮೂರೂ ನಿಲ್ಲದಿದ್ದರೆ ಕೆಳಗಿನ ಹರಿವಿನಲ್ಲಿ ಯಾವ ಜೀವವೂ ನೆಲೆ ನಿಲ್ಲಲಾರದು. ಆ ರಕ್ಷಣೆಯನ್ನು ಮಂತ್ರಾಲಯದವರೆಗೂ ಮುಂದುವರಿಸಿರೆಂದು ಎರಡೂ ಸರ್ಕಾರಗಳನ್ನು ಕೇಳಬೇಕಾದವರು ಎರಡೂ ದಡದ ಕನ್ನಡಿಗರು.

ಕೆಲವರು ಹೇಳುತ್ತಾರೆ: "ಹಾಗಾದರೆ ರಾಫ್ಟಿಂಗನ್ನೇ ಇಲ್ಲಿಗೆ ತರೋಣ. ಮಂತ್ರಾಲಯಕ್ಕೆ ಬರುವ ಭಕ್ತರಿಗೆ ವಿನೋದ, ಊರಿನವರಿಗೆ ಉದ್ಯೋಗ." ಮಾತು ಕೇಳಲು ಇಂಪಾಗಿದೆ. ಆದರೆ ನೀರೇ ಇಲ್ಲದ ತಿಂಗಳುಗಳಲ್ಲಿ ಬಂಡೆಯ ಮೇಲೆ ದೋಣಿ ಎಳೆಯುವುದೇ? ನೆರೆಯ ತಿಂಗಳುಗಳಲ್ಲಿ ಮಕ್ಕಳನ್ನು ಸುಳಿಗೆ ಒಡ್ಡುವುದೇ? ಮೊದಲು ನದಿ, ಆಮೇಲೆ ವಿನೋದ. ಅಮೆರಿಕದ ಕೊಲೊರಾಡೊ ನದಿಯ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಅಲ್ಲಿಯೂ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಕೆಳಗೆ ರಾಫ್ಟಿಂಗ್ ನಡೆಯುತ್ತದೆ. ವಿದ್ಯುತ್ತಿನ ಬೇಡಿಕೆಗೆ ತಕ್ಕಂತೆ ನೀರನ್ನು ಏರಿಸಿ ಇಳಿಸಿದ್ದರಿಂದ ದಡದ ಮರಳು ಕೊಚ್ಚಿಹೋಗಿ, ಮೀನುಗಳು ನಶಿಸಿದಾಗ, ದೋಣಿ ನಡೆಸುವವರೂ ಪರಿಸರಪ್ರಿಯರೂ ಸೇರಿ ದನಿಯೆತ್ತಿದರು. 1992ರಲ್ಲಿ ನದಿಯ ಹಿತ ಕಾಯುವ ಕಾಯಿದೆ ಬಂದಿತು; 1996ರಲ್ಲಿ ನದಿಯನ್ನು ಚೇತರಿಸಲೆಂದೇ ಅಣೆಕಟ್ಟಿನಿಂದ ನೆರೆಯಂತೆ ನೀರು ಬಿಟ್ಟರು. ನದಿಯಲ್ಲಿ ಆಡಿದವನು ನದಿಯ ಪರವಾಗಿ ನಿಂತರೆ ಮಾತ್ರ ಆ ಆಟಕ್ಕೆ ಸಾಹಸವೆಂಬ ಹೆಸರು ಸಲ್ಲುತ್ತದೆ. ದಾಂಡೇಲಿಗೆ ಹೋಗಿಬಂದ ನಮ್ಮ ತರುಣರಲ್ಲಿ ಕಾಳಿಯ ಪರವಾಗಿಯಾಗಲಿ, ತುಂಗಭದ್ರೆಯ ಪರವಾಗಿಯಾಗಲಿ ಒಂದು ಮನವಿಗೆ ಸಹಿ ಹಾಕಿದವರೆಷ್ಟು?

ಸಾಹಸದ ಮಾತಿಗೇ ಬಂದರೆ, ನಮ್ಮ ಸೀಮೆಯಲ್ಲಿ ಅದಕ್ಕೆ ಕೊರತೆಯಿಲ್ಲ. ಕೋಸಿಗಿ, ಕೌತಾಳ ಭಾಗದ ಸಾವಿರಾರು ಕುಟುಂಬಗಳು ಸುಗ್ಗಿ ಮುಗಿಯುತ್ತಲೇ ಮನೆಗೆ ಬೀಗ ಹಾಕಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೂಲಿಗೆ ವಲಸೆ ಹೋಗುತ್ತವೆ. ಮಕ್ಕಳೂ ಜೊತೆಗೆ. ಆ ತಿಂಗಳುಗಳಲ್ಲಿ ಹಾಜರಿ ಪುಸ್ತಕದಲ್ಲಿ ಸಾಲುಸಾಲಾಗಿ ಗೈರು ಗುರುತು ಹಾಕಿದವರು ನಾವು. ನದಿಯ ದಡದ ಊರಿನ ಮಗು ನೀರಿಲ್ಲದೆ ಊರು ಬಿಡುವಾಗ, ಅದೇ ಸೀಮೆಯ ಅನುಕೂಲಸ್ಥರ ಮಗು ನೀರಿನಲ್ಲಿ ಆಡಲು ಊರು ಬಿಡುತ್ತದೆ. ಈ ಎರಡು ಪ್ರಯಾಣಗಳನ್ನು ಒಟ್ಟಿಗಿಟ್ಟು ನೋಡಿದವರಿಗೆ ನಮ್ಮ ಸಿಟ್ಟು ಅರ್ಥವಾದೀತು.

ಆದ್ದರಿಂದ ಈ ಸಮ್ಮೇಳನದ ಮುಂದೆ ನಾಲ್ಕು ಬೇಡಿಕೆಗಳನ್ನಿಡುತ್ತೇವೆ. ಒಂದು, ಹರಿಗೋಲಿನ ಪ್ರತಿಯೊಬ್ಬ ಪ್ರಯಾಣಿಕನಿಗೂ ಜೀವರಕ್ಷಕ ಜಾಕೆಟ್ಟು ಕಡ್ಡಾಯವಾಗಲಿ, ಅದನ್ನು ಅಂಬಿಗರಿಗೆ ಸರ್ಕಾರವೇ ಒದಗಿಸಲಿ. ದಾಂಡೇಲಿಯಿಂದ ತರಬೇಕಾದದ್ದು ಇದೊಂದನ್ನೇ. ಎರಡು, ಬೇಸಿಗೆಯಲ್ಲಿಯೂ ನದಿಯ ಪಾತ್ರದಲ್ಲಿ ಜೀವಿಗಳು ಉಳಿಯುವಷ್ಟು ನೀರು ಬಿಡಬೇಕೆಂದು ತುಂಗಭದ್ರಾ ಮಂಡಳಿಗೆ ಸಂಘವು ಮನವಿ ಸಲ್ಲಿಸಲಿ. ಮೂರು, ನೀರುನಾಯಿಯ ರಕ್ಷಣೆ ಕೆಳಗಿನ ಹರಿವಿಗೂ ವಿಸ್ತರಿಸಲಿ. ನಾಲ್ಕು, ನಮ್ಮ ಶಾಲೆಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ರಾಜೋಳಿಬಂಡೆಯ ಅಣೆಕಟ್ಟೆಗೆ, ಮಂತ್ರಾಲಯದ ದಡಕ್ಕೆ, ತುಂಗಭದ್ರೆಯು ಕೃಷ್ಣೆಯನ್ನು ಸೇರುವ ಸಂಗಮದ ಕಡೆಗೆ ಕರೆದೊಯ್ದು, ಅಂಬಿಗನೊಬ್ಬನ ಬಾಯಿಂದ ನದಿಯ ಪಾಠವನ್ನು ಕನ್ನಡದಲ್ಲಿಯೇ ಕೇಳಿಸಲಿ.

ಇವುಗಳಲ್ಲಿ ಮೂರಕ್ಕೆ ಸರ್ಕಾರ ಬೇಕು; ನಾಲ್ಕನೆಯದಕ್ಕೆ ನಾವೇ ಸಾಕು. ಸಮ್ಮೇಳನದ ನಿರ್ಣಯಗಳು ಕಡತದಲ್ಲಿ ಮಲಗುವುದನ್ನು ಬಹಳ ವರ್ಷಗಳಿಂದ ನೋಡಿದ್ದೇವೆ. ಈ ಸಲ ನಾಲ್ಕನೆಯದನ್ನು ಮುಂದಿನ ರಜೆಯೊಳಗೆ ಮಾಡಿ ತೋರಿಸೋಣ. ಅದಾದ ಮೇಲೆ ದಾಂಡೇಲಿಗೆ ಹೋಗುವವರು ಹೋಗಲಿ, ನಮ್ಮ ಅಡ್ಡಿಯಿಲ್ಲ. ಸ್ವಂತ ನದಿಯನ್ನು ಬಲ್ಲವನಾಗಿ ಹೋದವನು ಕಾಳಿಯ ಎದುರಿಗೂ ಗೌರವದಿಂದ ನಿಂತಾನು.